ಒಲ್ಲೆ ಎನ್ನದ ಮಕ್ಕಳು

ಆಗಷ್ಟೇ ಹುಟ್ಟಿದ ಕೂಸಿನ ಎಡಗೈಯನ್ನು ಅರ್ಧ ನಿಮಿಷ ಹಿಡಿದಿಟ್ಟರೆ ಅದು ಏನು ಮಾಡುತ್ತದೆ? ಮುತ್ತಲಕೊಪ್ಪದ ಹೆರಿಗೆ ಆಸ್ಪತ್ರೆಯ ಹಿರಿಯ ನರ್ಸು ಮಿಲ್ಕಾಬಾಯಿಯನ್ನು ಕೇಳಿದ್ದರೆ ಯಂತ್ರದ ಹಂಗಿಲ್ಲದೆ ಹೇಳಿಬಿಡುತ್ತಿದ್ದಳು. ಕೆಲವು ಒಮ್ಮೆ ಎಳೆದು ನೋಡಿ ಸುಮ್ಮನಾಗುತ್ತವೆ. ಕೆಲವು ಮುಖ ಕೆಂಪು ಮಾಡಿಕೊಂಡು ಊರು ಒಂದಾಗುವ ಹಾಗೆ ಕಿರುಚುತ್ತವೆ. ಇನ್ನು ಕೆಲವು ಅಳುವುದನ್ನೇ ನಿಲ್ಲಿಸಿ, ಉಸಿರು ಬಿಗಿಹಿಡಿದು, ಕೈ ಬಿಡುವ ತನಕ ಒಂದೇ ಸಮನೆ ಎಳೆಯುತ್ತಲೇ ಇರುತ್ತವೆ. ಅಂಥ ಕೂಸನ್ನು ಕಂಡರೆ ಹಿಂದಿನ ಕಾಲದ ಅಜ್ಜಿಯರು ಹಟಮಾರಿ ಹುಟ್ಟಿತೆಂದು ನಕ್ಕು ದೃಷ್ಟಿ ತೆಗೆಯುತ್ತಿದ್ದರು. ಸರಕಾರಕ್ಕೆ ಮಾತ್ರ ನಗು ಬರಲಿಲ್ಲ. ಅದು ಆ ಹಟವನ್ನು ಅಳೆಯಲು ಒಂದು ಪಟ್ಟಿ ಮಾಡಿಸಿತು.

ಪಟ್ಟಿ ನೋಡಲು ಏನೂ ಅಲ್ಲ. ಮೆತ್ತನೆಯ ಬಟ್ಟೆ, ಒಳಗೆ ಕೂದಲೆಳೆಯಂಥ ತಂತಿಗಳು. ಒಂದನ್ನು ಕೂಸಿನ ಕೈಗೆ ಸುತ್ತಿ ತೊಟ್ಟಿಲ ಕಂಬಿಗೆ ಸಿಕ್ಕಿಸುವುದು, ಇನ್ನೊಂದನ್ನು ಹಣೆಗೆ ಕಟ್ಟುವುದು. ಕೈ ಎಷ್ಟು ಜೋರಾಗಿ ಎಳೆಯಿತು, ಎಷ್ಟು ಹೊತ್ತು ಎಳೆಯಿತು, ಆಗ ಮೆದುಳು ಏನು ಮಾಡುತ್ತಿತ್ತು ಎಂಬುದನ್ನೆಲ್ಲ ಲೆಕ್ಕಹಾಕಿ ಮೂವತ್ತು ಸೆಕೆಂಡಿಗೆ ಸರಿಯಾಗಿ ತೆರೆಯ ಮೇಲೆ ಒಂದು ಸಂಖ್ಯೆ ಮೂಡುತ್ತಿತ್ತು. ಅದಕ್ಕೆ ಹಟದ ಅಂಕ ಎಂದು ಹೆಸರು. ಅದೇ ಗಳಿಗೆಗೆ ಆ ಸಂಖ್ಯೆ ಜಿಲ್ಲಾ ನಿಯಂತ್ರಣ ಕೊಠಡಿಯಲ್ಲೂ ಮೂಡುತ್ತಿತ್ತು. ನಲವತ್ತರ ಕೆಳಗಿದ್ದರೆ ಕೂಸು ತಾಯಿಯ ಮಗ್ಗುಲಿಗೆ. ನಲವತ್ತು ದಾಟಿದರೆ ಮೂಗಿಗೆ ಹನಿ.

ಸೌಮ್ಯ ಹನಿ ಎಂದು ಅದರ ಹೆಸರು. ಪಳಗಿಸಿದ ಒಂದು ವೈರಾಣು, ಅದಕ್ಕೆ ತೆಳ್ಳಗಿನ ಕೊಬ್ಬಿನ ಹೊದಿಕೆ. ಮೂಗಿನ ಬಿಸಿಗೆ ಹೊದಿಕೆ ಕರಗುತ್ತದೆ, ವೈರಾಣು ವಾಸನೆಯ ನರ ಹಿಡಿದು ಮೇಲೇರಿ, ಹಣೆಯ ಹಿಂದೆ ಶೇಂಗಾಬೀಜದಷ್ಟು ಜಾಗದಲ್ಲಿ ಬೀಡುಬಿಡುತ್ತದೆ. ಮನುಷ್ಯ ‘ಒಲ್ಲೆ’ ಎನ್ನುವುದು ಅಲ್ಲಿಂದಲೇ ಎಂದು ಶಾಸ್ತ್ರಜ್ಞರು ಕಂಡುಹಿಡಿದಿದ್ದರು. ಹನಿ ಹಾಕಿಸಿಕೊಂಡ ಕೂಸಿಗೆ ಜ್ವರ ಬರುವುದಿಲ್ಲ, ಅದು ದಡ್ಡವಾಗುವುದಿಲ್ಲ, ಶಾಲೆಯಲ್ಲಿ ಒಳ್ಳೆಯ ಮಾರ್ಕೇ ತೆಗೆಯುತ್ತದೆ. ಹಟವೊಂದು ಮಾತ್ರ ಬೆಳೆಯುವುದಿಲ್ಲ. ಗಲಭೆ, ಮುಷ್ಕರ, ರಸ್ತೆತಡೆ ಎಲ್ಲವೂ ಆ ಶೇಂಗಾಬೀಜದಿಂದಲೇ ಮೊಳೆಯುವುದರಿಂದ, ಮೊಳಕೆಯಲ್ಲೇ ಚಿವುಟಿದರೆ ಯಾರಿಗೂ ಲಾಠಿ ಬೀಸುವ ಪ್ರಸಂಗ ಬರದು ಎಂದು ಸರಕಾರ ತಿಳಿಹೇಳಿತು. ಕೇಳುವವರಿಗೆ ಅದು ದಯೆಯ ಮಾತಿನಂತೆಯೇ ಕೇಳಿಸಿತು.

ಹದಿನಾಲ್ಕು ವರ್ಷದ ಹಿಂದೆ ಯೋಜನೆ ಮುತ್ತಲಕೊಪ್ಪಕ್ಕೆ ಬಂದಾಗ ತಾಯಂದಿರು ಹೆದರಿ ಆಸ್ಪತ್ರೆಯ ಕಡೆಗೇ ಸುಳಿಯಲಿಲ್ಲ. ಆಗ ಮಿಲ್ಕಾ ತಾನೇ ಅಲ್ಲಿ ಹೆತ್ತು ಮಲಗಿದ್ದಳು. ಹೆಣ್ಣುಕೂಸು. ಹಟದ ಅಂಕ ಎಪ್ಪತ್ತೊಂದು. ಆಕೆ ಹಾಸಿಗೆಯಲ್ಲೇ ಎದ್ದು ಕೂತು ಟ್ರೇ ತರಿಸಿದಳು, “ಮೊದಲ ನಮ್ಮ ಮನಿಯಿಂದ ಆಗಲಿ” ಎಂದು ತನ್ನ ಕೈಯಾರೆ ಕೂಸಿನ ಮೂಗಿಗೆ ಹನಿ ಬಿಟ್ಟಳು. ಊರ ಪಾದ್ರಿಗಳ ಹೆಂಡತಿ ಮಿಲ್ಕಾಬಾಯಿಯೇ ಹಾಕಿದ ಮೇಲೆ ಇನ್ನೇನು? ಊರು ಸಾಲುಗಟ್ಟಿತು. ಜಿಲ್ಲೆಯಿಂದ ಬಂದ ಪ್ರಶಸ್ತಿಪತ್ರ ಕಟ್ಟು ಹಾಕಿಸಿಕೊಂಡು ಅವರ ಮನೆಯ ಪಡಸಾಲೆಯ ಗೋಡೆ ಹತ್ತಿತು.

ಆ ಗೋಡೆಗೆ ಬೆನ್ನು ಹಾಕಿಯೇ ಕೂರುತ್ತಿದ್ದವಳು ಮಿಲ್ಕಾಳ ತಾಯಿ ಎಸ್ತೇರವ್ವ. ಹಳೆಯ ಮಿಶನ್ ಕಾಲದಲ್ಲಿ ತರಬೇತಾದ ಸೂಲಗಿತ್ತಿ. ಮಗಳ ಮನೆಯಲ್ಲೇ ಇದ್ದು, ಅಳಿಯ ವರದಾನಯ್ಯನವರು ಪಾದ್ರಿಯಾಗಿದ್ದ ಸಭೆಗೇ ಹೋಗುತ್ತಿದ್ದಳು. ಅವರ ಮನೆಯ ಜೋಳದ ರೊಟ್ಟಿ ಮೂರು ಹೊತ್ತೂ ತಿನ್ನುತ್ತಿದ್ದಳು. ಆದರೆ ಆರಾಧನೆಯಲ್ಲಿ ಅವರ ಕೈಯಿಂದ ಕರ್ತನ ಭೋಜನದ ಪವಿತ್ರ ರೊಟ್ಟಿ ತೆಗೆದುಕೊಳ್ಳದೆ ಹದಿನಾಲ್ಕು ವರ್ಷವಾಗಿತ್ತು.

“ಫರೋಹನ ಕಾಲಕ್ಕ ಇಬ್ಬರು ಸೂಲಗಿತ್ತೇರಿದ್ರು,” ಎಂದು ಆಕೆ ಬೈಬಲಿನ ಕತೆಯನ್ನು ಆಗಾಗ ತೆಗೆಯುತ್ತಿದ್ದಳು. “ಗಂಡುಕೂಸು ಹುಟ್ಟಿದ್ರ ಅಲ್ಲೇ ಕೊಂದ್ಹಾಕ್ರಿ ಅಂದ ಅರಸ. ಅವರು ಕೊಲ್ಲಲಿಲ್ಲ. ಯಾಕಂತ ಕೇಳಿದ್ರ ಸುಳ್ಳ ಹೇಳಿ ಪಾರಾದ್ರು. ದೇವರು ಅವರಿಗೇ ಮನಿ ಮಾರು ಕೊಟ್ಟ. ನನ್ನ ಮಗಳಿಗೆ ಅರಸ ಕಾಗದ ಕೊಟ್ಟಾನ, ನೋಡ್ರಿ, ಗ್ವಾಡೀಮ್ಯಾಲೆ ಐತಿ.”

“ಅಲ್ಲಿ ಕೊಲ್ಲೂ ಮಾತಿತ್ತು, ಅತ್ತೀ,” ಎಂದು ವರದಾನಯ್ಯ ಸಮಾಧಾನದಿಂದಲೇ ಹೇಳುತ್ತಿದ್ದರು. “ಇಲ್ಲಿ ಯಾರ ಸಾಯ್ತಾರ? ಇರೂ ಅಧಿಕಾರ ಎಲ್ಲಾ ದೇವರಿಂದ ಬಂದದ್ದು, ಅದಕ್ಕ ಅಡ್ಡ ನಿಂತಾಂವ ದೇವರಿಗೇ ಅಡ್ಡ ನಿಂತಂಗ ಅಂತ ಅಪೊಸ್ತಲ ಪೌಲ ಹೇಳ್ಯಾನ. ಅಂವ ಹೇಳಿದಾಗ ರೋಮಿನಾಗ ಎಂಥಾ ಅರಸ ಇದ್ದ ಅನ್ನೂದು ನಿಮಗ ಗೊತ್ತೈತಿ.”

“ಗೊತ್ತೈತಿ. ಅದ ಅರಸ ಪೌಲನ ತಲಿ ತಗಿಸಿದ. ಯಾಕ, ಭಾಳ ಮಾತ ಕೇಳ್ತಿದ್ದ ಅಂತೇನು?”

ವರದಾನಯ್ಯ ಕೆಟ್ಟ ಮನುಷ್ಯರಲ್ಲ. ಸಭೆಯವರ ಕಷ್ಟಸುಖಕ್ಕೆ ಸೈಕಲ್ ತುಳಿದು ಹೋಗುವವರು. ತಮ್ಮ ಸಣ್ಣ ಮಂದೆಯನ್ನು ಸರಕಾರದ ಕಣ್ಣಿಗೆ ಬೀಳದ ಹಾಗೆ ಕಾಪಾಡಬೇಕೆಂಬುದು ಅವರ ಚಿಂತೆಯಾಗಿತ್ತು. ಹೆದರಿದವನಿಗೆ ವಿಧೇಯತೆಯ ವಾಕ್ಯಗಳು ಬೇಗ ಬಾಯಿಪಾಠವಾಗುತ್ತವೆ.

ಮಗಳು ಕೃಪಾ ಹದಿನಾಲ್ಕರ ಹುಡುಗಿಯಾಗಿದ್ದಳು. ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು, ಆದರೆ ನಗು ಎಂದರೆ ಮಾತ್ರ ನಗುತ್ತಿದ್ದಳು. ಒಂದು ಸಂಜೆ ಮಿಲ್ಕಾ ಒಲೆಯ ಮೇಲಿಂದ ಹಾಲಿನ ಪಾತ್ರೆ ಇಳಿಸಿ, “ಇದನ್ನ ಹಿಡಕೊಂಡ್ ನಿಂದ್ರು, ಕಟ್ಟಿ ಒರಸ್ತೇನಿ” ಎಂದು ಅವಳ ಕೈಗೆ ಕೊಟ್ಟಳು. ಅಷ್ಟರಲ್ಲಿ ಬಾಗಿಲಿಗೆ ಬಾಣಂತಿಯ ಕಡೆಯವರು ಯಾರೋ ಬಂದರು. ಅವರೊಡನೆ ಮಾತಾಡಿ ಮಿಲ್ಕಾ ತಿರುಗಿ ಬರುವಾಗ ಅಡುಗೆಮನೆಯಿಂದ ಎಸ್ತೇರವ್ವ ಚೀರಿದ್ದು ಕೇಳಿಸಿತು: “ಕೆಳಗಿಡ! ಇಡ ಕೆಳಗ!” ಕೃಪಾ ತಕ್ಷಣ ಇಟ್ಟಳು. ಪಾತ್ರೆ ಹಿಡಿದಿದ್ದ ಬಟ್ಟೆ ಜಾರಿಹೋಗಿ ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು.

“ಯಾಕ ಇಡಲಿಲ್ಲವಾ?” ಎಂದು ಮಿಲ್ಕಾ ಕೇಳಿದಳು.

“ನೀವು ಹಿಡಕೊಂಡ್ ನಿಂದ್ರು ಅಂದಿದ್ರಿ.”

“ಸುಡತಿರಲಿಲ್ಲೇನು?”

“ಸುಡತಿತ್ತು.”

“ಮತ್ತ ಆಯಿ ಹೇಳಿದ ಕೂಡ್ಲೆ ಇಟ್ಟಿ?”

“ಆಯಿ ಇಡು ಅಂದ್ರು.”

ಹನಿಯ ಮಕ್ಕಳೆಲ್ಲ ಹೀಗೆಯೇ. ಕೊನೆಯಲ್ಲಿ ಕೇಳಿದ ದನಿ ಯಾರದೋ ಅವರದೇ ಆಜ್ಞೆ. ಮಿಲ್ಕಾ ಮಗಳ ಕೈಗೆ ಮುಲಾಮು ಹಚ್ಚುತ್ತ, ತನ್ನ ತಪ್ಪೇ ಇದು, ಬಾಗಿಲಿಗೆ ಹೋಗಬಾರದಿತ್ತು ಎಂದುಕೊಂಡಳು. ಆ ತಪ್ಪು ಹದಿನಾಲ್ಕು ವರ್ಷ ಹಿಂದಿನದು ಎಂದು ಒಪ್ಪಿಕೊಳ್ಳುವ ಧೈರ್ಯ ಅವಳಿಗೆ ಇನ್ನೂ ಬಂದಿರಲಿಲ್ಲ.

ಅದು ಬಂದದ್ದು ದೃಢೀಕರಣದ ಭಾನುವಾರ.

ಕೂಸಾಗಿದ್ದಾಗ ದೀಕ್ಷಾಸ್ನಾನವಾದ ಮಕ್ಕಳು ಬುದ್ಧಿ ಬಂದ ಮೇಲೆ ಸಭೆಯ ಮುಂದೆ ನಿಂತು, ಅಂದು ತಂದೆತಾಯಿ ತಮ್ಮ ಪರವಾಗಿ ಕೊಟ್ಟ ಮಾತನ್ನು ತಾವೇ ಕೊಡುವ ದಿನ ಅದು. ಆ ವರ್ಷದ ಹನ್ನೊಂದು ಮಕ್ಕಳೂ ಹುಟ್ಟಿದಾಗ ನಲವತ್ತು ದಾಟಿ ಹನಿ ಹಾಕಿಸಿಕೊಂಡ ಮೊದಲ ತಂಡದವರು. ಬಿಳಿ ಬಟ್ಟೆ ಉಟ್ಟು, ವೇದಿಯ ಮುಂದೆ ಒಂದು ಗೆರೆ ಎಳೆದ ಹಾಗೆ ನಿಂತಿದ್ದರು. ಯಾರೂ ಕೆಮ್ಮಲಿಲ್ಲ, ಯಾರೂ ಕಾಲು ಬದಲಿಸಲಿಲ್ಲ. ಇಷ್ಟು ಶಿಸ್ತಿನ ಮಕ್ಕಳನ್ನು ತಾವು ಕಂಡೇ ಇಲ್ಲ ಎಂದು ಹಿರಿಯರು ಪಿಸುಗುಟ್ಟಿದರು.

ಆರಾಧನೆಯ ಮಾತುಗಳನ್ನು ಬಾಯಿಪಾಠದಿಂದ ಹೇಳಬಾರದು, ಪುಸ್ತಕ ನೋಡಿಯೇ ಓದಬೇಕು ಎಂಬುದು ವರದಾನಯ್ಯನವರ ಗುರುಗಳು ಕಲಿಸಿದ ಪಾಠ. ಆ ಪುಸ್ತಕ ಹಳೆಯದು. ಕಳೆದ ಕ್ರಿಸ್ಮಸ್ಸಿನಲ್ಲಿ ಅದರ ಮೇಲೆ ಮೇಣದಬತ್ತಿ ಸೋರಿ ಎರಡು ಹಾಳೆ ಒಂದಕ್ಕೊಂದು ಅಂಟಿದ್ದವು. ಅಯ್ಯನವರ ಕಣ್ಣಿಗೂ ಪೊರೆ ಬಂದಿತ್ತು. ಬೆರಳಿನಿಂದ ಸಾಲು ಹಿಡಿದು ನಿಧಾನವಾಗಿ ಓದಿದರು:

“ಪ್ರಿಯ ಮಕ್ಕಳೇ, ಸೈತಾನನನ್ನೂ ಅವನ ಎಲ್ಲ ಕ್ರಿಯೆಗಳನ್ನೂ ಅವನ ಎಲ್ಲ ವೈಭವವನ್ನೂ...”

ಹಾಳೆ ತಿರುವಿದರು. ಒಂದರ ಬದಲು ಎರಡು ತಿರುಗಿದವು.

“...ಪೂರ್ಣ ಮನಸ್ಸಿನಿಂದ ಸ್ವೀಕರಿಸಿ, ಜೀವಮಾನವೆಲ್ಲ ಸೇವಿಸುತ್ತೀರೋ?”

ಹನ್ನೊಂದು ಎಳೆಯ ದನಿಗಳು ಒಂದೇ ಉಸಿರಿಗೆ ಹೇಳಿದವು: “ಸ್ವೀಕರಿಸುತ್ತೇವೆ. ಸೇವಿಸುತ್ತೇವೆ.”

ತಾವು ಓದಿದ್ದೇನೆಂದು ತಿಳಿಯಲು ಅಯ್ಯನವರಿಗೇ ಒಂದು ಗಳಿಗೆ ಹಿಡಿಯಿತು. ತಿಳಿದಾಗ ತಲೆಯೆತ್ತಿ ಮಕ್ಕಳನ್ನು ನೋಡಿದರು. ಹಿಂದಿನ ಕಾಲದಲ್ಲಾಗಿದ್ದರೆ ಒಬ್ಬ ಹುಡುಗನಾದರೂ ಕಿಸಕ್ಕೆಂದು ನಗುತ್ತಿದ್ದ. ಒಬ್ಬ ಹುಡುಗಿಯಾದರೂ ತಲೆಯೆತ್ತಿ, ಇದೇನು ಅಯ್ಯನವರೇ, ಎಂಬಂತೆ ನೋಡುತ್ತಿದ್ದಳು. ಈ ಹನ್ನೊಂದು ಮುಖಗಳು ಮುಂದಿನ ಪ್ರಶ್ನೆಗೆ ಕಾಯುತ್ತಿದ್ದವು. ಅವುಗಳಲ್ಲಿ ಕೃಪಾಳ ಮುಖವೂ ಒಂದು.

ಅಯ್ಯನವರು ಅಂಟಿದ ಹಾಳೆ ಬಿಡಿಸಿ, ಸರಿಯಾಗಿ ಕೇಳಿದರು. “ತ್ಯಜಿಸುತ್ತೀರೋ?”

“ತ್ಯಜಿಸುತ್ತೇವೆ.”

ಅದೇ ದನಿ, ಅದೇ ಏರು, ಅದೇ ಇಳಿವು.

“ಇನ್ನೊಂದ್ಸಲ ಕೇಳ್ರಿ, ಅಯ್ಯನವರ,” ಎಂದು ಹೆಂಗಸರ ಸಾಲಿನಿಂದ ಎಸ್ತೇರವ್ವನ ದನಿ ಬಂತು. ಆಕೆ ಕೂಗಲಿಲ್ಲ, ಅಳುತ್ತಿದ್ದಳು. “ಏನ ಕೇಳಿದ್ರೂ ಹೂಂ ಅಂತಾವ. ಪಾಪ, ಅವಕ್ಕ ಮತ್ತೇನ್ ಬರತೈತಿ?”

ವರದಾನಯ್ಯ ಪುಸ್ತಕ ಮುಚ್ಚಿದರು. ದೃಢೀಕರಣದ ಆಶೀರ್ವಾದಕ್ಕೆ ಮಕ್ಕಳ ತಲೆಯ ಮೇಲೆ ಕೈಯಿಡದೆಯೇ ಆ ದಿನದ ಆರಾಧನೆ ಮುಗಿಯಿತು.

ಮಧ್ಯಾಹ್ನ ಯಾರೂ ಊಟಕ್ಕೆ ಏಳಲಿಲ್ಲ. ಅಯ್ಯನವರು ಮಗಳನ್ನು ಎದುರಿಗೆ ಕೂರಿಸಿಕೊಂಡರು.

“ಕೃಪಾ, ನಿನಗ ಯೇಸುಸ್ವಾಮಿ ಬೇಕೋ, ಬ್ಯಾಡೋ?”

“ನೀವು ಹೆಂಗ ಹೇಳ್ತೀರಿ ಹಂಗ, ಪಪ್ಪಾ.”

“ನಾ ಬ್ಯಾಡ ಅಂದ್ರ?”

“ಬ್ಯಾಡ.”

“ಒಲ್ಲೆ ಅಂತ ನನಗ ಹೇಳವಾ. ಒಂದ ಸಲ. ನಾ ಒಲ್ಲೆ ಪಪ್ಪಾ, ನನ್ನ ಇದನ್ನೆಲ್ಲಾ ಕೇಳಬ್ಯಾಡ ಅನ್ನು.”

“ನಾ ಒಲ್ಲೆ ಪಪ್ಪಾ, ನನ್ನ ಇದನ್ನೆಲ್ಲಾ ಕೇಳಬ್ಯಾಡ,” ಎಂದಳು ಕೃಪಾ, ಪಾಠ ಒಪ್ಪಿಸಿದಂತೆ. ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ತಂದೆಯ ಮುಖ ನೋಡಿದಳು.

ವರದಾನಯ್ಯ ಎದ್ದು ಹೋಗಿ ಗೋಡೆಯ ಪ್ರಶಸ್ತಿಪತ್ರ ಇಳಿಸಿ, ಮುಖ ಒಳಗಾಗಿ ಒರಗಿಸಿಟ್ಟರು. ಮಿಲ್ಕಾ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಅವಳಿಗೆ ಆ ಎಪ್ಪತ್ತೊಂದು ನೆನಪಾಯಿತು. ಪುಟ್ಟ ಕೈ ಮೂವತ್ತು ಸೆಕೆಂಡೂ ಸೋಲದೆ ಎಳೆದದ್ದು, ಪಟ್ಟಿ ಬಿಚ್ಚಿದಾಗ ಕೂಸು ಗೆದ್ದವರ ಹಾಗೆ ನಿಟ್ಟುಸಿರು ಬಿಟ್ಟದ್ದು, ತಾನು ಆ ಮುಖವನ್ನು ನೋಡುತ್ತಲೇ ಹನಿ ಬಿಟ್ಟದ್ದು. ಅವಳು ಬಾಯಿಗೆ ಸೆರಗು ಒತ್ತಿ ಅತ್ತಳು.

ಆಸ್ಪತ್ರೆಗೆ ಆ ವಾರವೇ ಹೊಸ ಆದೇಶ ಬಂತು. ಇನ್ನು ಮುಂದೆ ನಲವತ್ತರ ಗೆರೆಯಿಲ್ಲ, ಅಂಕ ಎಷ್ಟೇ ಇರಲಿ ಹುಟ್ಟಿದ ಪ್ರತಿ ಕೂಸಿಗೂ ಹನಿ. ತಪ್ಪಿಸಿಕೊಳ್ಳುವ ದಾರಿಗಳನ್ನೆಲ್ಲ ಮುಚ್ಚಿದ್ದರು. ವಾರ್ಡಿನ ಮೂಲೆಮೂಲೆಗೆ ಕ್ಯಾಮೆರಾ. ಹನಿಯ ಸೀಸೆಗಳು ಬೆಳಿಗ್ಗೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬರುತ್ತಿದ್ದವು, ಖಾಲಿ ಸೀಸೆಗಳು ಸಂಜೆ ಅದೇ ಪೆಟ್ಟಿಗೆಯಲ್ಲಿ ಮರಳಬೇಕು. ಬಿಟ್ಟ ಹನಿಯನ್ನೂ ನಿಯಂತ್ರಣ ಕೊಠಡಿ ಎಣಿಸುತ್ತಿತ್ತು.

ಆದರೆ ಒಂದು ದಾರಿ ಉಳಿದಿತ್ತು. ಅದು ದಾರಿಯೆಂದು ಯಾರಿಗೂ ಹೊಳೆದಿರಲಿಲ್ಲ.

ಆಸ್ಪತ್ರೆಯನ್ನು ಕಟ್ಟಿದ್ದು ಹಳೆಯ ಮಿಶನ್ನಿನವರು. ಮದ್ದು ಕೊಡುವ ಮೊದಲು ನರ್ಸು ಕೈಜೋಡಿಸಿ, ಕಣ್ಣು ಮುಚ್ಚಿ, ರೋಗಿಯ ಹೆಸರೆತ್ತಿ ಪ್ರಾರ್ಥನೆ ಮಾಡುವುದು ಅಲ್ಲಿನ ಪದ್ಧತಿ. ಸರಕಾರ ಆಸ್ಪತ್ರೆಯನ್ನು ತನ್ನ ಕೈಗೆ ತೆಗೆದುಕೊಂಡ ಮೇಲೂ ಅದು ನಿಂತಿರಲಿಲ್ಲ. ಯಾವ ಜಾತಿಯ ಬಾಣಂತಿಯಾದರೂ “ಬಾಯಾರ, ನನ್ನ ಕೂಸಿಗೂ ಅದನ್ನೊಂದ್ ಮಾಡ್ರಿ” ಎಂದು ಕೇಳಿ ಮಾಡಿಸಿಕೊಳ್ಳುತ್ತಿದ್ದಳು. ಮಿಲ್ಕಾಳ ಪ್ರಾರ್ಥನೆ ಎಂದೂ ಒಂದು ನಿಮಿಷ ದಾಟಿದ್ದಿಲ್ಲ.

ಆ ಸೋಮವಾರದಿಂದ ಅದು ಉದ್ದವಾಯಿತು. ಸೀಸೆಯನ್ನು ಪೆಟ್ಟಿಗೆಯಿಂದ ತೆಗೆದು, ಎರಡು ಅಂಗೈ ನಡುವೆ ಇಟ್ಟು, ಬೆರಳು ಹೆಣೆದು, ತೊಟ್ಟಿಲ ಮುಂದೆ ತಲೆ ಬಾಗಿಸಿ ನಿಂತಳು. ಕೂಸಿಗಾಗಿ ಬೇಡಿದಳು, ತಾಯಿಗಾಗಿ ಬೇಡಿದಳು, ತಾಯಿಯ ತವರಿಗಾಗಿ ಬೇಡಿದಳು, ಆಳುವ ಅಧಿಕಾರಿಗಳಿಗಾಗಿಯೂ ಬೇಡಿದಳು, ಅದೂ ಬೈಬಲಿನ ಆಜ್ಞೆಯೇ ಅಲ್ಲವೇ. ಅಂಗೈಯ ಬಿಸಿಗೆ ಎಂಟು ನಿಮಿಷದಲ್ಲಿ ಸೀಸೆಯೊಳಗಿನ ಕೊಬ್ಬಿನ ಹೊದಿಕೆ ಕರಗುತ್ತಿತ್ತು. ಮೂಗಿನಲ್ಲಿ ಕರಗಬೇಕಾದದ್ದು ಸೀಸೆಯಲ್ಲೇ ಕರಗಿದರೆ ವೈರಾಣು ಬೆತ್ತಲಾಗಿ ಅಲ್ಲೇ ಸಾಯುತ್ತದೆ. ಆಮೆನ್ ಎಂದು ಕಣ್ಣು ತೆರೆದಾಗ ಅವಳ ಕೈಯಲ್ಲಿದ್ದದ್ದು ಬರೀ ಉಪ್ಪುನೀರು. ಅದನ್ನು ಕ್ಯಾಮೆರಾದ ಎದುರಿಗೇ ಕೂಸಿನ ಮೂಗಿಗೆ ಬಿಟ್ಟಳು. ಕೂಸು ಸೀನಿ, ಕೈಕಾಲು ಬಡಿದು ಚಿಟ್ಟನೆ ಚೀರಿತು. ಅಷ್ಟು ಚೆಂದದ ಚೀರು ಅವಳು ಬಹಳ ವರ್ಷದಿಂದ ಕೇಳಿರಲಿಲ್ಲ.

ಮನೆಯಲ್ಲಿ ಮುಚ್ಚಿಡಲಾಗಲಿಲ್ಲ. ಎರಡು ವಾರ ಕಳೆದ ಮೇಲೆ ಊಟಕ್ಕೆ ಕೂತಾಗ ಎಸ್ತೇರವ್ವ ಕೇಳಿಯೇಬಿಟ್ಟಳು, ಮಿಲ್ಕಾ ಹೇಳಿಯೇಬಿಟ್ಟಳು.

ವರದಾನಯ್ಯ ತುತ್ತು ಕೈಯಲ್ಲೇ ಹಿಡಿದು ಕೂತರು. “ಅಡ್ಡ ನಿಂದ್ರೂದಿದ್ರ ಎದುರಾ ನಿಂದ್ರಬೇಕು, ಮಿಲ್ಕಾ,” ಎಂದರು ಕೊನೆಗೆ. “ಇದು ತಪ್ಪು, ನಾ ಮಾಡೂದಿಲ್ಲ ಅಂತ ಮುಖದ ಮ್ಯಾಲೆ ಹೇಳಿ ಶಿಕ್ಷಾ ಹೊರಬೇಕು. ಅಪೊಸ್ತಲರು ಹಂಗ ಮಾಡಿದ್ರು. ಕದ್ದು ಮಾಡಿದ್ದು ಸಾಕ್ಷಿ ಹೆಂಗಾಗತೈತಿ? ಅದೂ ಪ್ರಾರ್ಥನಿ ಮರಿಯಾಗ!”

“ನಾ ಎದುರಾ ನಿಂತ್ರ ನಾಳೆ ನನ್ನ ಜಾಗಾಕ್ಕ ಇನ್ನೊಬ್ಬಾಕಿ ಬರ್ತಾಳ್ರೀ. ಅಕಿ ಕೈ ತಣ್ಣಗಿರ್ತಾವ.”

“ಸೂಲಗಿತ್ತೇರು ಎಲ್ಲಿ ಎದುರಾ ನಿಂತಿದ್ರು?” ಎಂದು ಎಸ್ತೇರವ್ವ ರೊಟ್ಟಿ ಮುರಿದಳು. “ಗಂಡಸರಿಗೆ ಸಾಕ್ಷಿ ಚಿಂತಿ. ನಮಗ ಕೂಸಿನ ಚಿಂತಿ.”

“ನನ್ನ ಪ್ರಾರ್ಥನಿ ಸುಳ್ಳಲ್ಲ,” ಎಂದಳು ಮಿಲ್ಕಾ. “ಇಷ್ಟ ಮನಸ್ಸಿಟ್ಟು ನಾ ಹಿಂದ ಎಂದೂ ಬೇಡಿಲ್ಲ.”

ಅಯ್ಯನವರು ತುತ್ತನ್ನು ತಟ್ಟೆಗಿಟ್ಟು ಎದ್ದರು. ಆದರೆ ಮುಂದಿನ ಭಾನುವಾರದಿಂದ ಅಧಿಕಾರಿಗಳಿಗೆ ಅಧೀನರಾಗಿರಬೇಕೆಂಬ ಬೋಧನೆಯನ್ನು ಅವರು ಮತ್ತೆಂದೂ ಮಾಡಲಿಲ್ಲ. ಎಸ್ತೇರವ್ವ ಹದಿನಾಲ್ಕು ವರ್ಷದ ಮೇಲೆ ಅಳಿಯನ ಮುಂದೆ ಮೊಣಕಾಲೂರಿ ಕರ್ತನ ರೊಟ್ಟಿಗೆ ಕೈ ಚಾಚಿದಳು.

ಆ ಊಟದ ದಿನ ಮೂವರೂ ಒಂದು ಮಾತು ಮರೆತಿದ್ದರು. ಸಾರು ಬಡಿಸುತ್ತ ಕೃಪಾ ಅಲ್ಲೇ ಇದ್ದಳು. ಮುತ್ತಲಕೊಪ್ಪದವರೆಲ್ಲ ಮಾಡುತ್ತಿದ್ದ ತಪ್ಪೇ ಅದು. ಹನಿಯ ಮಕ್ಕಳು ನಡುವೆ ಬಾಯಿ ಹಾಕುವುದಿಲ್ಲ, ಏನನ್ನೂ ಕೇಳುವುದಿಲ್ಲ, ಹೀಗಾಗಿ ದೊಡ್ಡವರು ಅವರೆದುರು ಗೋಡೆಯೆದುರು ಮಾತಾಡಿದಂತೆ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದರು.

ಎರಡು ವರ್ಷ ಕಳೆಯಿತು. ಪೇಟೆಯಲ್ಲಿ ಮಿಲ್ಕಾಳ ಕಿವಿಗೆ ಈಗ ಒಂದು ಸದ್ದು ಆಗಾಗ ಬೀಳುತ್ತಿತ್ತು. ಬಳೆ ಅಂಗಡಿಯ ಮುಂದೆ ನೆಲಕ್ಕೆ ಬಿದ್ದು ಹೊರಳಾಡುವ ಹುಡುಗಿ. ತಾಯಿಯ ಸೊಂಟದ ಮೇಲಿಂದ ತುತ್ತು ದೂಡಿ ‘ಒಲ್ಲೆ, ಒಲ್ಲೆ’ ಎಂದು ಅರಚುವ ಗಂಡುಕೂಸು. ತಾಯಂದಿರು ನಾಚಿ ಹೈರಾಣಾಗುತ್ತಿದ್ದರು. ಮಿಲ್ಕಾ ಮಾತ್ರ ತರಕಾರಿ ಆರಿಸುವ ನೆವದಲ್ಲಿ ಅಲ್ಲೇ ನಿಂತು ಆ ರಂಪಾಟವನ್ನು ಕಿವಿತುಂಬ ಕೇಳಿ ಮನೆಗೆ ಹೋಗುತ್ತಿದ್ದಳು.

ಕೇಳಿದವಳು ಅವಳೊಬ್ಬಳೇ ಅಲ್ಲ. ಮುತ್ತಲಕೊಪ್ಪದ ಅಂಗನವಾಡಿಗೆ ಬರುವ ಸಣ್ಣ ಮಕ್ಕಳು ಬೇರೆ ಊರಿನವಕ್ಕಿಂತ ಬಹಳ ಹಟ ಮಾಡುತ್ತವೆ ಎಂದು ಯಾರೋ ವರದಿ ಬರೆದರು. ಮಿಲ್ಕಾಳಿಗೆ ಜಿಲ್ಲೆಯಿಂದ ಕರೆ ಬಂತು.

ನಿಯಂತ್ರಣ ಕೊಠಡಿ ತಣ್ಣಗಿತ್ತು. ಗೋಡೆ ತುಂಬ ತೆರೆಗಳು, ಒಂದೊಂದರಲ್ಲೂ ಒಂದೊಂದು ತೊಟ್ಟಿಲು. ಪರಿವೀಕ್ಷಕ ಮುದಗಲ್ಲ ಸಾಹೇಬರು ಮೆಲುದನಿಯ, ತಲೆ ನೀಟಾಗಿ ಬಾಚಿದ ಮನುಷ್ಯ. ಚಹಾ ತರಿಸಿಕೊಟ್ಟು, ನಡುವಿನ ದೊಡ್ಡ ತೆರೆಯತ್ತ ಕೈ ಮಾಡಿದರು. ಅಲ್ಲಿ ಮಿಲ್ಕಾ ಪ್ರಾರ್ಥನೆ ಮಾಡುತ್ತಿದ್ದಳು. ಕೈ ಹೆಣೆದು, ತಲೆ ಬಾಗಿಸಿ, ತುಟಿ ಅಲುಗಿಸುತ್ತ. ಪಕ್ಕದ ತೆರೆಯಲ್ಲೂ ಅವಳೇ, ಬೇರೆ ದಿನ. ಅದರ ಪಕ್ಕದಲ್ಲೂ ಅವಳೇ.

“ನಿಮ್ಮ ಪ್ರಾರ್ಥನಿ ಭಾಳ ಉದ್ದ ಆಗ್ಯಾವಲ್ಲ, ಬಾಯಾರ?”

“ವಯಸ್ಸಾತಲ್ರೀ ಸಾಹೇಬ್ರ. ಪಾಪ ಹೆಚ್ಚಾದಂಗ ಪ್ರಾರ್ಥನೀನೂ ಉದ್ದ ಆಗತೈತಿ.”

ಸಾಹೇಬರು ನಕ್ಕರು. “ಕೈಯಾಗ ಏನ್ ಹಿಡಕೊಂಡಿರ್ತೀರಿ ಅದು ಕಾಣೂದಿಲ್ಲ, ನೋಡ್ರಿ.”

“ಕೈ ಮುಗಿದ್ರ ಒಳಗ ಏನ್ ಕಾಣಬೇಕ್ರೀ?”

“ಅದೂ ಖರೇ,” ಎಂದು ಸಾಹೇಬರು ತೆರೆ ಆರಿಸಿದರು. “ನಿಮ್ಮ ಮಗಳು ಕೃಪಾ ಅಲ್ರೀ? ಜಿಲ್ಲೆ ಒಳಗ ಮೊದಲನೇ ಹನಿ ಅಕೀದ. ಒಂದ್ಸಲ ಬಂದು ಮಾತಾಡಿಸ್ಕೊಂಡು ಹೋಗ್ತೇನಿ. ಆ ಮಕ್ಕಳ ಜೋಡಿ ಮಾತಾಡೂದಂದ್ರ ನಮಗ ಭಾಳ ಹಗುರ.”

ಮಿಲ್ಕಾ ಊರಿನ ಬಸ್ಸು ಹತ್ತಿದಳು. ಕೃಪಾ ಅಂದು ಸಾರು ಬಡಿಸಿದ್ದು ಅವಳಿಗೆ ಈಗ, ಎರಡು ವರ್ಷದ ಮೇಲೆ, ಕಣ್ಣಿಗೆ ಕಟ್ಟಿತು.

ಅವಳು ಮನೆ ಮುಟ್ಟುವ ಹೊತ್ತಿಗೆ ಜೀಪು ಬಾಗಿಲಲ್ಲಿ ನಿಂತಿತ್ತು. ಸಾಹೇಬರು ಬಸ್ಸಿಗಿಂತ ಬೇಗ ಬಂದುಬಿಟ್ಟಿದ್ದರು; ಪಡಸಾಲೆಯಲ್ಲಿ ಕೂತು ನೀರು ಕುಡಿಯುತ್ತಿದ್ದರು. ಬಾಗಿಲ ಬಳಿ ಇಬ್ಬರು ಮಹಿಳಾ ಪೊಲೀಸರು. ಕೃಪಾ ಎದುರಿಗೆ ನಿಂತಿದ್ದಳು.

“ಬರ್ರಿ ಬಾಯಾರ. ನೀವ್ ಬರೂದ ಕಾಯಾಕತ್ತಿದ್ದೆ,” ಎಂದು ಸಾಹೇಬರು ಲೋಟ ಕೆಳಗಿಟ್ಟು ಹುಡುಗಿಯ ಕಡೆ ತಿರುಗಿದರು. “ಕೃಪಾ, ನಿಮ್ಮವ್ವ ಹನಿ ಸೀಸೆಗೆ ಏನ್ ಮಾಡ್ತಾರವಾ? ಗೊತ್ತಿದ್ರ ಹೇಳು.”

“ಹೇಳಬ್ಯಾಡ, ಕೃಪಾ!” ವರದಾನಯ್ಯನವರ ದನಿ ಮನೆ ನಡುಗಿಸಿತು. ಇಪ್ಪತ್ತು ವರ್ಷ ಸರಕಾರಕ್ಕೆ ತಲೆಬಾಗಿದ ಮನುಷ್ಯ ಎದ್ದು ಸಾಹೇಬರಿಗೂ ಮಗಳಿಗೂ ನಡುವೆ ನಿಂತಿದ್ದರು. “ನಾ ಎದುರಾ ನಿಂತು ಹೇಳ್ತೇನಿ, ಸಾಹೇಬ್ರ. ನಿಮ್ಮ ಹನಿ ತಪ್ಪು. ಅದನ್ನ ಒಪ್ಪಿದ್ದು ನನ್ನ ಪಾಪ. ಹಿಡೀರಿ ನನ್ನ. ಕೂಸನ್ನ ಕೇಳಬ್ಯಾಡ್ರಿ.”

“ಹೇಳು, ಕೃಪಾ,” ಎಂದರು ಸಾಹೇಬರು, ಅದೇ ಮೆಲುದನಿಯಲ್ಲಿ.

ಕೊನೆಯ ದನಿ ಸಾಹೇಬರದಾಗಿತ್ತು. ಕೃಪಾ ಹೇಳಿದಳು. ಅಂಗೈಯ ಬಿಸಿ, ಎಂಟು ನಿಮಿಷ, ಉಪ್ಪುನೀರು, ಆಯಿ ಕೇಳಿದ್ದು, ಅವ್ವ ಹೇಳಿದ್ದು, ಪಪ್ಪ ತುತ್ತು ಹಿಡಿದು ಕೂತದ್ದು. ಯಾವುದನ್ನೂ ಬಿಡಲಿಲ್ಲ, ಯಾವುದನ್ನೂ ಸೇರಿಸಲಿಲ್ಲ. ಎಸ್ತೇರವ್ವ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು.

“ಆ ಮಕ್ಕಳ ಹೆಸರು ಬರದಿಟ್ಟೀರೇನು, ಬಾಯಾರ? ನಮ್ಮ ತೆರೀಮ್ಯಾಲೆ ತೊಟ್ಟಿಲ ಕಾಣತಾವ, ಹೆಸರ ಕಾಣೂದಿಲ್ಲ.”

“ಇಲ್ಲ.”

“ಇರಲಿ ಬಿಡ್ರಿ. ಹುಡುಕೂದ ಬ್ಯಾಡ. ಒಂದೊಂದು ಓಣ್ಯಾಗ ಒಬ್ಬರನ್ನ ಕೂಡ್ರಸ್ತೇವಿ. ಒಲ್ಲೆ ಅಂತ ಅವ ಕೂಗಿ ಹೇಳ್ತಾವ.”

ಮಿಲ್ಕಾಳಿಗೆ ಪೇಟೆಯ ಆ ಕೂಸುಗಳು ನೆನಪಾದವು. ತನಗೆ ಸಂಗೀತವಾಗಿದ್ದ ಸದ್ದು ಅವುಗಳ ಕೊರಳಿಗೇ ಉರುಳಾಗಲಿತ್ತು. ಪೊಲೀಸರಲ್ಲೊಬ್ಬಳು ಅವಳ ತೋಳಿಗೆ ಕೈಯಿಟ್ಟಳು. “ಒಂದ ಮಾತು,” ಎಂದು ಕೇಳಿಕೊಂಡು ಮಿಲ್ಕಾ ಮಗಳ ಎದುರು ಹೋಗಿ ಅವಳ ಎರಡೂ ಕೈ ಹಿಡಿದಳು. ಅಂಗೈಯಲ್ಲಿ ಹಾಲಿನ ಪಾತ್ರೆಯ ಕಲೆ ಇನ್ನೂ ಉಳಿದಿತ್ತು.

“ನಿನ್ನ ಮ್ಯಾಲೆ ಸಿಟ್ಟಿಲ್ಲವಾ. ನಿನ್ನ ಮೂಗಿನಾಗ ಹನಿ ಹಾಕಿದಾಕಿ ನಾನ. ನಂದ ತಪ್ಪಾತು.”

“ಹೂಂ, ಅವ್ವಾ.”

“ಇನ್ನ ಮ್ಯಾಲೆ ಯಾರ ಏನ್ ಹೇಳಿದ್ರೂ ಮೊದಲ ನಿನ್ನ ನೀ ಕೇಳ್ಕೋ. ನಾ ಹೇಳಿದ್ರೂ ಅಷ್ಟ, ಪಪ್ಪ ಹೇಳಿದ್ರೂ ಅಷ್ಟ. ತಿಳೀತೇನು?”

“ಹೂಂ, ಅವ್ವಾ.”

ಎಂದಿನ ಹೂಂ. ಮಿಲ್ಕಾ ಬಾಗಿಲ ಕಡೆ ನಡೆದಳು.

ಸಾಹೇಬರು ಮೂಲೆಯಲ್ಲಿದ್ದ ಮಿಲ್ಕಾಳ ಡ್ಯೂಟಿ ಚೀಲ ತೋರಿಸಿದರು. “ಕೃಪಾ, ಅದನ್ನ ತಂದು ಜೀಪಿನಾಗಿಡವಾ. ನೀನೂ ಹತ್ತು. ನೀ ಹೇಳಿದ್ದನ್ನ ಅಲ್ಲಿ ಬರಕೊಳ್ಳೂದೈತಿ.”

ಕೃಪಾ ನಿಂತೇ ಇದ್ದಳು.

“ಕೃಪಾ, ಚೀಲ ತೊಗೋ.”

ಅವಳ ಕಣ್ಣು ಚೀಲದ ಕಡೆ ಹೋಯಿತು, ತಾಯಿಯ ಕಡೆ ಬಂತು. ಹುಬ್ಬು ಗಂಟಿಕ್ಕಿದ್ದವು. ಕಾಲು ಕಿತ್ತಿಡಲಿಲ್ಲ. ಸಾಹೇಬರ ಮುಖದ ನಗು ಮಾಯವಾಯಿತು. ಅವರು ಎರಡು ಹೆಜ್ಜೆ ಬಂದು ಅವಳ ಎಡಗೈಯನ್ನು ಮಣಿಕಟ್ಟಿನ ಬಳಿ ಹಿಡಿದು ಚೀಲದತ್ತ ಎಳೆದರು.

ಕೃಪಾ ಅಳಲಿಲ್ಲ, ಚೀರಲಿಲ್ಲ. ಉಸಿರು ಬಿಗಿಹಿಡಿದು, ಇಡೀ ಮೈಯಿಂದ, ಒಂದೇ ಸಮನೆ ಕೈಯನ್ನು ತನ್ನತ್ತ ಎಳೆದುಕೊಳ್ಳತೊಡಗಿದಳು. ಬಾಗಿಲಲ್ಲಿ ನಿಂತ ಮಿಲ್ಕಾ ತನಗರಿವಿಲ್ಲದೆ ಎಣಿಸುತ್ತಿದ್ದಳು. ಮೂವತ್ತು ವರ್ಷದ ಕಸುಬು, ಬಾಯಿ ತಾನೇ ಎಣಿಸುತ್ತದೆ. ಹತ್ತು. ಇಪ್ಪತ್ತು. ಮೂವತ್ತಕ್ಕೆ ಸಾಹೇಬರು ಕೈ ಬಿಟ್ಟರು. ಕೃಪಾ ಗೋಡೆಗೆ ಒರಗಿ, ಬಹಳ ದೂರ ಓಡಿಬಂದವಳ ಹಾಗೆ ನಿಟ್ಟುಸಿರು ಬಿಟ್ಟಳು.

ಸಾಹೇಬರು ಹಣೆ ಒರೆಸಿಕೊಂಡು ಫೋನು ತೆಗೆದರು. “ಮೊದಲನೇ ತಂಡದ ಮಕ್ಕಳ್ನ ಎಲ್ಲಾರ್ನೂ ಕರಸ್ರಿ,” ಎಂದು ಯಾರಿಗೋ ಹೇಳುತ್ತಿದ್ದರು. “ಹೌದು, ಇಡೀ ಜಿಲ್ಲೇದು. ಹದಿನಾರಕ್ಕ ಏನಾಗತೈತಿ ಯಾರೂ ನೋಡಿಲ್ಲ. ಎರಡನೇ ಹನಿ ಬೇಕಾಗತೈತಿ. ಇವತ್ತ.”

ಎಸ್ತೇರವ್ವ ಗೋಡೆ ಬಿಟ್ಟು ಎದ್ದು ಬಂದು ಮೊಮ್ಮಗಳನ್ನು ತನ್ನ ಸೆರಗಿನೊಳಗೆ ಎಳೆದುಕೊಂಡಳು. ಅಲ್ಲಿಂದಲೇ ಮಗಳನ್ನು ಕೇಳಿದಳು, ಹೆರಿಗೆ ಕೋಣೆಯ ಹೊರಗೆ ಕಾಯುವ ಅಜ್ಜಿಯರು ಕೇಳುವ ದನಿಯಲ್ಲಿ:

“ಎಷ್ಟ ಬಂತವಾ?”

“ಎಪ್ಪತ್ತೊಂದು,” ಎಂದಳು ಮಿಲ್ಕಾ. “ಅವತ್ತಿನಷ್ಟ ಐತಿ, ಅವ್ವಾ,” ಎಂದು ಹೇಳಿ ಜೀಪು ಹತ್ತಿದಳು.